ಮೆತ್ತನೆ ಹಿಡಿಯ ಅಂಚು ಎಲ್ಲಿ ನಿಲ್ಲಬೇಕು? ಓವರ್‌ಮೋಲ್ಡ್ ಶಟ್‌ಆಫ್‌ಗಳ ಹೋಲಿಕೆ

ಕೋಲಾರದ ಟೊಮೇಟೊ ತೋಟಗಳಲ್ಲಿ ಔಷಧಿ ಹೊಡೆಯುವ ಸ್ಪ್ರೇಯರ್‌ನ ಟ್ರಿಗರ್ ಹಿಡಿಯನ್ನು ಕೈಗೆತ್ತಿಕೊಂಡು ನೋಡಿ. ಒಳಗೆ ಗಟ್ಟಿ ಪ್ಲಾಸ್ಟಿಕ್, ಮೇಲೆ ರಬ್ಬರಿನಂಥ ಟಿಪಿಇ ಹೊದಿಕೆ. ಹೀಗೆ ಗಟ್ಟಿ ಭಾಗದ ಮೇಲೆ ಮೆತ್ತನೆಯದನ್ನು ಎರಕ ಹೊಯ್ಯುವುದೇ ಓವರ್‌ಮೋಲ್ಡ್. ಇಂಥ ಹಿಡಿ ಹಾಳಾಗುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ಒಂದು ಕಡೆ ಉಗುರು ತೂರುವಷ್ಟು ಎದ್ದರೆ ಸಾಕು, ಕೆಂಪು ಮಣ್ಣು, ಔಷಧಿ ನೀರು, ಬೆವರು ಎಲ್ಲ ಒಳಗೆ ಸೇರಿಕೊಂಡು ಹೊದಿಕೆ ಪಟ್ಟಿಯ ಹಾಗೆ ಕಿತ್ತು ಬರುತ್ತದೆ. ಹಾಗೆ ಏಳುವ ಅಂಚು ಹೆಚ್ಚಾಗಿ ಡ್ರಾಯಿಂಗ್ ಬೋರ್ಡಿನ ಮೇಲೇ ಕೆಟ್ಟಿರುತ್ತದೆ. ಮಷೀನ್ ಆಪರೇಟರ್ ಪ್ರೆಶರ್ ಏರಿಸಿ ಇಳಿಸಿ ಅದನ್ನು ಸರಿಪಡಿಸಲಾರ.

ಮೆತ್ತನೆ ಪ್ಲಾಸ್ಟಿಕ್ ಇಲ್ಲಿಯವರೆಗೆ ಬರಲಿ, ಮುಂದೆ ಹೋಗದಿರಲಿ ಎಂದು ಮೋಲ್ಡ್‌ನ ಉಕ್ಕು ಗಟ್ಟಿ ಭಾಗದ ಮೇಲೆ ಒತ್ತಿ ಕೂರುವ ಗೆರೆಯೇ ಶಟ್‌ಆಫ್. ಸಾಮಾನ್ಯ ಮೋಲ್ಡ್‌ನಲ್ಲಿ ಉಕ್ಕು ಉಕ್ಕಿನ ಮೇಲೆ ಕೂರುತ್ತದೆ, ಎರಡನ್ನೂ ಗ್ರೈಂಡ್ ಮಾಡಿ ಹೊಂದಿಸಬಹುದು. ಇಲ್ಲಿ ಒಂದು ಕಡೆ ಉಕ್ಕು, ಇನ್ನೊಂದು ಕಡೆ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ ಲಾಟ್‌ನಿಂದ ಲಾಟ್‌ಗೆ ಅಳತೆ ಬದಲಿಸುತ್ತದೆ. ಹಾಗಾಗಿ ಆಯ್ಕೆ ಮಾಡುವಾಗ ಚಂದ ಯಾವುದು ಎನ್ನುವುದಕ್ಕಿಂತ, ಗಟ್ಟಿ ಭಾಗದ ಅಳತೆ ಆಚೀಚೆಯಾದಾಗಲೂ ಮುಚ್ಚಿಕೊಳ್ಳುವುದು ಯಾವುದು, ತಪ್ಪಿದರೆ ಸುಲಭವಾಗಿ ತಿದ್ದಲು ಬರುವುದು ಯಾವುದು ಎಂದು ನೋಡಬೇಕು. ಮಾಲೂರು, ವೇಮಗಲ್, ನರಸಾಪುರದ ಘಟಕಕ್ಕೆ ಮೋಲ್ಡ್ ಮಾಡಿ ತಿದ್ದುವ ಟೂಲ್ ರೂಮ್ ಪೀಣ್ಯದಲ್ಲಿದ್ದರೆ, ಒಂದು ವೆಲ್ಡಿಂಗ್ ತಿದ್ದುಪಡಿಗೂ ಮೋಲ್ಡ್ ಇಳಿಸಿ, ಟೆಂಪೊ ಹತ್ತಿಸಿ ಬೆಂಗಳೂರು ದಾಟಿಸಬೇಕು. ತಿದ್ದುವ ಸುಲಭಕ್ಕೆ ಬೆಲೆ ಕಟ್ಟುವಾಗ ಅದೂ ಲೆಕ್ಕದಲ್ಲಿರಲಿ.

ಮೊದಲು ನಾಲ್ಕು ಲೆಕ್ಕ

ಟಿಪಿಇ ಒತ್ತಡದಲ್ಲಿ ಓಡುವಾಗ ಬಹಳ ನೀರಾಗಿ ಹರಿಯುತ್ತದೆ. ಸಂದು 0.02ರಿಂದ 0.03 ಮಿ.ಮೀ. ದಾಟಿದರೆ ಫ್ಲ್ಯಾಶ್, ಅಂದರೆ ಸಂದಿನಲ್ಲಿ ನುಸುಳಿ ಬರುವ ತೆಳು ಪದರ, ಶುರು. ತಲೆಕೂದಲು ಇದರ ಎರಡು ಮೂರು ಪಟ್ಟು ದಪ್ಪ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮೋಲ್ಡಿಂಗ್‌ನಲ್ಲಿ ನಡೆದುಹೋಗುವ ಸಂದು ಇಲ್ಲಿ ನಡೆಯುವುದಿಲ್ಲ.

ಎರಡನೆಯದು ಬಲ. ಕ್ಯಾವಿಟಿಯೊಳಗೆ, ಅಂದರೆ ಪ್ಲಾಸ್ಟಿಕ್ ತುಂಬುವ ಪೊಳ್ಳಿನೊಳಗೆ, 300 ಬಾರ್ ಒತ್ತಡ ಎಂದಿಟ್ಟುಕೊಳ್ಳಿ. ಹಿಡಿಯ ಮೆತ್ತನೆ ಜಾಗ 100 ಮಿ.ಮೀ. ಉದ್ದ, 22 ಮಿ.ಮೀ. ಅಗಲ, ಅಂದರೆ 22 ಚದರ ಸೆಂ.ಮೀ. ಒಟ್ಟು ಬಲ ಸುಮಾರು 6.7 ಟನ್. ಅಷ್ಟು ಭಾರ 2.5 ಮಿ.ಮೀ. ದಪ್ಪದ ಟೊಳ್ಳು ಗೋಡೆಯ ಮೇಲೆ ಬೀಳುತ್ತದೆ. ಒಳಗಿನಿಂದ ಕೋರ್ (ಟೊಳ್ಳಿನೊಳಗೆ ಕೂರುವ ಉಕ್ಕು) ಆತುಕೊಂಡಿರದಿದ್ದರೆ ಗೋಡೆ ಬಾಗುತ್ತದೆ, ಅಂಚಿನಲ್ಲಿ ಸಂದು ಬಿಡುತ್ತದೆ. ಕೋರ್‌ಗೂ ಒಳಗೋಡೆಗೂ 0.05 ಮಿ.ಮೀ.ಗಿಂತ ಹೆಚ್ಚು ಸಡಿಲ ಬೇಡ. ಶಟ್‌ಆಫ್ ಗೆರೆಯ ನೇರ ಕೆಳಗಂತೂ ಟೊಳ್ಳು ಇರಲೇಬಾರದು.

ಮೂರನೆಯದು ಕುಗ್ಗುವಿಕೆ. ಪಿಪಿ (ಪಾಲಿಪ್ರೊಪಿಲೀನ್) ಶೇ. 1ರಿಂದ 2ರಷ್ಟು ಕುಗ್ಗುತ್ತದೆ, ಎಬಿಎಸ್ ಶೇ. 0.4ರಿಂದ 0.7. 120 ಮಿ.ಮೀ. ಉದ್ದದ ಪಿಪಿ ಹಿಡಿಯಲ್ಲಿ ಬಣ್ಣ ಬದಲಾಗಿ, ಇಲ್ಲವೇ ಹೋಲ್ಡಿಂಗ್ ಪ್ರೆಶರ್ (ತುಂಬಿದ ಮೇಲೂ ಹಿಡಿದಿಡುವ ಒತ್ತಡ) ಬದಲಾಗಿ ಶೇ. 0.2 ಆಚೀಚೆಯಾದರೂ 0.24 ಮಿ.ಮೀ. ವ್ಯತ್ಯಾಸ ಬರುತ್ತದೆ. ಫ್ಲ್ಯಾಶ್ ಮಿತಿಯ ಹತ್ತು ಪಟ್ಟು. ಪಿಪಿ ಮಷೀನಿನಿಂದ ಇಳಿದ ಮೇಲೂ ಒಂದೆರಡು ದಿನ ಕುಗ್ಗುತ್ತಲೇ ಇರುತ್ತದೆ. ಆದ್ದರಿಂದ ಬಿಸಿ ಪೀಸ್ ಹಾಕಿ ಟ್ರಯಲ್ ಪಾಸ್ ಮಾಡಿದರೆ ಮರುವಾರ ಗೋಡೌನಿನಿಂದ ತಂದ ಪೀಸ್ ಫ್ಲ್ಯಾಶ್ ಕೊಡುತ್ತದೆ. ಟ್ರಯಲ್‌ಗೆ ಕನಿಷ್ಠ 24 ಗಂಟೆ ಹಳೆಯದಾದ ಪೀಸ್ ಬಳಸಿ.

ನಾಲ್ಕನೆಯದು ಅಂಚಿನ ದಪ್ಪ. ಟಿಪಿಇ ಎಲ್ಲಿ ಮುಗಿಯುತ್ತದೋ ಅಲ್ಲೂ ಕನಿಷ್ಠ 0.8 ಮಿ.ಮೀ. ಇರಲಿ. 1 ಮಿ.ಮೀ. ಇದ್ದರೆ ಇನ್ನೂ ಒಳ್ಳೆಯದು. ಹೋಳಿಗೆಯ ಅಂಚಿನ ಹಾಗೆ ತೆಳ್ಳಗಾಗುತ್ತ ಹೋಗಿ ಸೊನ್ನೆಯಾದರೆ ಮೊದಲು ಏಳುವುದು ಆ ತುದಿಯೇ. ತೆಳು ಪದರ ಗಟ್ಟಿ ಭಾಗಕ್ಕೆ ತಾಗುವ ಹೊತ್ತಿಗೇ ಆರಿರುತ್ತದೆ, ಅಂಟುವ ಬಿಸಿ ಅದರಲ್ಲಿ ಉಳಿದಿರುವುದಿಲ್ಲ.

ಸಮತಟ್ಟು ಮೇಲ್ಮೈ ಮೇಲೆ ನಿಲ್ಲಿಸುವುದು

ಗಟ್ಟಿ ಭಾಗಕ್ಕೆ ಏನೂ ಮಾಡದೆ, ಅದರ ಮೇಲ್ಮೈಯಲ್ಲೇ ಟಿಪಿಇಯನ್ನು ನೆಟ್ಟಗೆ ಗೋಡೆ ಎಬ್ಬಿಸಿದ ಹಾಗೆ ಮುಗಿಸುವುದು. ಟೂಲ್ ಅಗ್ಗ. ಗಟ್ಟಿ ಭಾಗದ ಮೋಲ್ಡ್ ಈಗಾಗಲೇ ತಯಾರಾಗಿದ್ದು, ಮೆತ್ತನೆ ಪಟ್ಟಿ ಆಮೇಲೆ ಸೇರಿಸಬೇಕೆಂದರೆ ಬೇರೆ ದಾರಿಯೂ ಇರುವುದಿಲ್ಲ. ಅಡ್ಡಡ್ಡ ಅಳತೆ ತಪ್ಪಿದರೂ ಸಮತಟ್ಟು ಜಾಗ ಅದನ್ನು ನುಂಗಿಕೊಳ್ಳುತ್ತದೆ.

ತೊಂದರೆ ಎರಡು. ಅಂಚು ಮೇಲೆದ್ದು ನಿಂತಿರುವುದರಿಂದ ಕೈ ಉಜ್ಜಿದಾಗಲೆಲ್ಲ ಅದನ್ನೇ ಎಳೆಯುತ್ತದೆ. ಇನ್ನೊಂದು, ಅಗಲವಾದ ಸಮತಟ್ಟು ಎಂದರೆ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ ಎನ್ನುವುದು ಭ್ರಮೆ. 260 ಮಿ.ಮೀ. ಸುತ್ತಳತೆಗೆ 5 ಮಿ.ಮೀ. ಅಗಲ ಉಕ್ಕು ಕೂರಿಸಿದರೆ 1300 ಚದರ ಮಿ.ಮೀ. ಅದನ್ನು 40 ಎಂಪಿಎ ಒತ್ತಡದಲ್ಲಿ ಅದುಮಲು 5 ಟನ್‌ಗೂ ಹೆಚ್ಚು ಬೇಕು. ಅದೇ ಬಲ ಸಮವಾಗಿ ಹಂಚಿಕೆಯಾಗದೆ ಒಂದು ಕಡೆ ಪೀಸನ್ನು ಜಜ್ಜಿ ಇನ್ನೊಂದು ಕಡೆ ಸಂದು ಬಿಡುತ್ತದೆ. ಸಮತಟ್ಟನ್ನೇ ಆರಿಸುವುದಾದರೆ ಉಕ್ಕು ಮುಟ್ಟುವ ಪಟ್ಟಿ 1.5ರಿಂದ 2 ಮಿ.ಮೀ. ಇರಲಿ, ಅದರಾಚೆ 0.2 ಮಿ.ಮೀ. ತೆಗೆದುಬಿಡಿ. ಕೈ ತಾಗದ ಕಡೆ, ಪೆಟ್ಟಿಗೆಯ ಕೆಳಗಿನ ರಬ್ಬರ್ ಕಾಲಿನಂಥವಕ್ಕೆ ಇದು ಸಾಕು. ಹಿಡಿಗೆ ಬೇಡ.

ಸ್ಟೆಪ್: ಹೆಚ್ಚಿನ ಹಿಡಿಗಳಿಗೆ ಇದೇ

ಗಟ್ಟಿ ಭಾಗದಲ್ಲೇ ಟಿಪಿಇ ಕೂರುವ ಜಾಗವನ್ನು 1ರಿಂದ 1.5 ಮಿ.ಮೀ. ತಗ್ಗಿಸುವುದು. ಟಿಪಿಇ ಆ ತಗ್ಗಿನಲ್ಲಿ ತುಂಬಿ ಗೋಡೆಗೆ ಒತ್ತಿಕೊಂಡು ಪೂರ್ತಿ ದಪ್ಪದಲ್ಲೇ ಮುಗಿಯುತ್ತದೆ. ಉಕ್ಕು ಸ್ಟೆಪ್‌ನ ಮೇಲಿನ ಹೊರಮೈ ಮೇಲೆ ಕೂರುತ್ತದೆ. ಎಳೆಯಲು ಬೆರಳಿಗೆ ಅಂಚು ಸಿಗುವುದಿಲ್ಲ, ಗೋಡೆಯೂ ಅಂಟಿಗೆ ಜಾಗ ಕೊಡುತ್ತದೆ.

ಇಲ್ಲಿ ಎಲ್ಲ ನಿಂತಿರುವುದು ಒಂದು ಮೂಲೆಯ ಮೇಲೆ. ಸ್ಟೆಪ್‌ನ ಮೇಲ್ತುದಿಯ ಮೂಲೆ ಚೂಪಾಗಿರಬೇಕು. ಡಿಸೈನ್ ಮಾಡುವವರು ಅಭ್ಯಾಸಬಲದಿಂದ ಎಲ್ಲ ಮೂಲೆಗೂ 0.3 ರೇಡಿಯಸ್ ಕೊಡುತ್ತಾರೆ. ಹಾಗೆ ಕೊಟ್ಟರೆ ಉಕ್ಕಿಗೂ ಆ ಗುಂಡು ಮೂಲೆಗೂ ನಡುವೆ ಸಣ್ಣ ತ್ರಿಕೋನ ಉಳಿಯುತ್ತದೆ, ಟಿಪಿಇ ಅದರೊಳಗೆ ನುಗ್ಗಿ ಕಾಗದದಂಥ ತುಟಿ ಬಿಡುತ್ತದೆ. ಡೈ (ಮೋಲ್ಡ್) ಸರಿಯಿಲ್ಲ ಎಂದು ಗ್ರೈಂಡ್ ಮೇಲೆ ಗ್ರೈಂಡ್ ಮಾಡಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಫ್ಲ್ಯಾಶ್ ಅಲ್ಲ, ಡ್ರಾಯಿಂಗ್‌ನಲ್ಲೇ ಇರುವ ಆಕಾರ. ಕೆಳಮೂಲೆಗೆ ಮಾತ್ರ 0.3ರಿಂದ 0.5 ರೇಡಿಯಸ್ ಕೊಡಿ, ಬಿರುಕು ತಪ್ಪುತ್ತದೆ. ಮೇಲಿನಿಂದ ನೋಡಿದಾಗ ಶಟ್‌ಆಫ್ ಗೆರೆ ತಿರುಗುವ ಕಡೆ 2 ಮಿ.ಮೀ.ಗಿಂತ ಕಡಿಮೆ ರೇಡಿಯಸ್ ಬೇಡ. ಚೂಪು ತಿರುವಿನಲ್ಲಿ ಟಿಪಿಇ ಕುಗ್ಗಿ ತುದಿಯನ್ನು ಎಳೆದುಕೊಳ್ಳುತ್ತದೆ.

ಟಿಪಿಇ ಹೊರಮೈಗೆ ಸಮವಾಗಿಯೇ ನಿಂತರೆ ಶಟ್‌ಆಫ್ ಸುಲಭ. ಹಿಡಿತಕ್ಕಾಗಿ 0.3 ಮಿ.ಮೀ. ಉಬ್ಬಿರಲಿ ಎಂದರೆ ಉಕ್ಕಿನಲ್ಲೂ ತಗ್ಗು ತೋಡಬೇಕು. ಆಗ ಆ ತಗ್ಗಿನ ಅಂಚು ಸ್ಟೆಪ್‌ನ ಅಂಚಿಗೆ ಸರಿಯಾಗಿ ಕೂರಬೇಕು. ಮೇಲೆ ಹೇಳಿದ 0.24 ಮಿ.ಮೀ. ಲೆಕ್ಕ ನೆನಪಿರಲಿ: ನಡುವಿನಿಂದ ಅಳೆದರೆ ಎರಡೂ ತುದಿಯಲ್ಲಿ 0.12 ತಪ್ಪುತ್ತದೆ. ಉಕ್ಕಿನ ತಗ್ಗು ದೊಡ್ಡದಾದರೆ ಟಿಪಿಇ ಹೊರಮೈ ಮೇಲೆ 0.3 ಮಿ.ಮೀ. ದಪ್ಪದ ಪಟ್ಟಿಯಾಗಿ ಹತ್ತುತ್ತದೆ, ಅದೇ ಮೊದಲು ಏಳುತ್ತದೆ. ಅದಕ್ಕೆ ಉಕ್ಕಿನ ತಗ್ಗನ್ನು ಸುತ್ತಲೂ 0.2 ಮಿ.ಮೀ. ಚಿಕ್ಕದಾಗಿಯೇ ಮಾಡಿ. ಟಿಪಿಇ ಅಂಚಿನಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ, ಕಾಣಲಿ. ಆಮೇಲೆ ದೊಡ್ಡದು ಮಾಡುವುದು ಒಂದು ದಿನದ ಕೆಲಸ, ಚಿಕ್ಕದು ಮಾಡುವುದಕ್ಕೆ ವೆಲ್ಡಿಂಗ್ ಬೇಕು.

ಸ್ಟೆಪ್‌ಗೆ ಏಣು ಸೇರಿಸುವುದು

ಕಡುಬಿನ ಅಂಚನ್ನು ಬೆರಳಲ್ಲಿ ಅದುಮದೆ ಬಿಟ್ಟರೆ ಹೂರಣ ಎಣ್ಣೆಗೆ ಬೀಳುತ್ತದೆ. ಅದೇ ಕೆಲಸವನ್ನು ಇಲ್ಲಿ ಒಂದು ಸಣ್ಣ ಏಣು ಮಾಡುತ್ತದೆ. ಗಟ್ಟಿ ಭಾಗದ ಶಟ್‌ಆಫ್ ಗೆರೆಯುದ್ದಕ್ಕೂ 0.15 ಮಿ.ಮೀ. ಎತ್ತರ, ತಲೆಯಲ್ಲಿ 0.3 ಮಿ.ಮೀ. ಅಗಲದ ಏಣು. ಮೋಲ್ಡ್ ಮುಚ್ಚಿದಾಗ ಉಕ್ಕು ಅದನ್ನು 0.08 ಮಿ.ಮೀ. ಜಜ್ಜುತ್ತದೆ. ಪೀಸಿನ ದಪ್ಪ 0.05 ಆಚೀಚೆಯಾದರೆ ಜಜ್ಜುವುದು 0.03ರಿಂದ 0.13ರವರೆಗೆ ಬದಲಾಗುತ್ತದೆ. ಅತ್ತ ಮುಚ್ಚದೆಯೂ ಇರುವುದಿಲ್ಲ, ಇತ್ತ ಏಣು ಪೂರ್ತಿ ಸವೆದು ಪೀಸಿನ ಮೈಗೂ ಪೆಟ್ಟಾಗುವುದಿಲ್ಲ. ಬಲದ ಲೆಕ್ಕವೂ ಹಗುರ: 260 ಮಿ.ಮೀ. ಸುತ್ತಳತೆಗೆ 0.3 ಮಿ.ಮೀ. ಅಂದರೆ 78 ಚದರ ಮಿ.ಮೀ., 40 ಎಂಪಿಎಗೆ ಸುಮಾರು 320 ಕೆ.ಜಿ. ಹಿಂದಿನ 5 ಟನ್‌ಗೆ ಹೋಲಿಸಿ ನೋಡಿ.

ಎಲ್ಲಿ ಇಡಬೇಕು ಎನ್ನುವುದರಲ್ಲಿ ಬಹಳ ಮಂದಿ ಎಡವುತ್ತಾರೆ. ಅಂಚಿಗೆ ಪೆಟ್ಟಾಗದಿರಲಿ ಎಂದು ಏಣನ್ನು 1 ಮಿ.ಮೀ. ಹಿಂದಕ್ಕೆ ಸರಿಸುತ್ತಾರೆ. 0.15ರಲ್ಲಿ 0.08 ಜಜ್ಜಿದ ಮೇಲೂ ಉಕ್ಕು ಪೀಸಿನ ಮೈಯಿಂದ 0.07 ಮಿ.ಮೀ. ಮೇಲಿರುತ್ತದೆ. ಸ್ಟೆಪ್‌ನಿಂದ ಏಣಿನವರೆಗಿನ ಆ 1 ಮಿ.ಮೀ. ಜಾಗಕ್ಕೆಲ್ಲ ಟಿಪಿಇ ಹರಡಿ ಅಂದವಾಗಿ ಒಂದು ಫ್ಲ್ಯಾಶ್ ಪಟ್ಟಿ ಎಲ್ಲ ಪೀಸಿನಲ್ಲೂ ತಪ್ಪದೆ ಬರುತ್ತದೆ. ಏಣು ಸ್ಟೆಪ್‌ನ ತುದಿಯಲ್ಲೇ ಇರಬೇಕು, ಸ್ಟೆಪ್‌ನ ಗೋಡೆಯೇ ಏಣಿನ ಒಳಗೋಡೆಯಾಗಬೇಕು. ಜಜ್ಜಿದಾಗ ಒಳಕ್ಕೆ ಉಬ್ಬಿದ ಪ್ಲಾಸ್ಟಿಕ್ ಟಿಪಿಇ ಕೆಳಗೆ ಹೂತುಹೋಗುತ್ತದೆ.

ಪೀಸಿನ ಮೇಲಿನ ಏಣು ಎಂದರೆ ಗಟ್ಟಿ ಭಾಗದ ಮೋಲ್ಡ್‌ನಲ್ಲಿ ಒಂದು ಗೆರೆ ಕೊರೆತ. ಮೊದಲು 0.10 ಕೊರೆದು ಟ್ರಯಲ್ ಮಾಡಿ, ಸಾಲದಿದ್ದರೆ 0.15ಕ್ಕೆ ಇಳಿಸಿ. ಓವರ್‌ಮೋಲ್ಡ್ ಕಡೆಯ ಉಕ್ಕನ್ನು 0.1 ಎತ್ತರ ಬಿಟ್ಟು, ಆಮೇಲೆ ಸರ್ಫೇಸ್ ಗ್ರೈಂಡರ್‌ನಲ್ಲಿ ಇಳಿಸಿಕೊಳ್ಳಿ. ಎರಡೂ ಕಡೆ ಲೋಹ ತೆಗೆಯುವ ದಿಕ್ಕಿನಲ್ಲೇ ತಿದ್ದುಪಡಿ ಇರುತ್ತದೆ, ಪೀಣ್ಯದ ದಾರಿ ಹಿಡಿಯುವುದು ತಪ್ಪುತ್ತದೆ. ಶಟ್‌ಆಫ್ ಉಕ್ಕನ್ನು ಬಿಚ್ಚಲು ಬರುವ ಬೇರೆ ತುಂಡಾಗಿ (ಇನ್ಸರ್ಟ್) ಮಾಡಿಸಿದ್ದರೆ ಮೋಲ್ಡ್ ಮಷೀನ್ ಮೇಲಿದ್ದಾಗಲೇ ಬಿಚ್ಚಿ ಇಳಿಸಬಹುದು.

ಏಣು ಯಾವ ಪ್ಲಾಸ್ಟಿಕ್‌ಗೆ ಒಗ್ಗುತ್ತದೆ ಎನ್ನುವುದು ಬೇರೆ ಮಾತು. ಪಿಪಿ ಜಜ್ಜಿಸಿಕೊಂಡು ಸುಮ್ಮನಿರುತ್ತದೆ. ಎಬಿಎಸ್ ಕಪ್ಪು ಬಣ್ಣದಲ್ಲಿದ್ದರೆ ಜಜ್ಜಿದ ಕಡೆ ಬೆಳ್ಳಗೆ ಗೆರೆ ಮೂಡುತ್ತದೆ. ಪಿಸಿಗೆ (ಪಾಲಿಕಾರ್ಬೊನೇಟ್) ಹುಷಾರು: ಅದುಮಿದ ಜಾಗದಲ್ಲಿ ಒತ್ತಡ ಉಳಿದುಕೊಂಡಿರುತ್ತದೆ, ದ್ರಾವಕ ತಾಗಿದ ದಿನ ಬಿರುಕು ಬಿಡುತ್ತದೆ. ಇಸಿ ರೂಪದ, ಅಂದರೆ ನೀರಿಗೆ ಬೆರೆಸಿದಾಗ ಹಾಲಿನಂತಾಗುವ, ಕೀಟನಾಶಕಗಳಲ್ಲಿ ಕ್ಸೈಲೀನ್‌ನಂಥ ದ್ರಾವಕ ಇರುವುದುಂಟು, ಹಾಗಾಗಿ ಸ್ಪ್ರೇಯರ್ ಹಿಡಿಗೆ ಪಿಸಿಯನ್ನೂ ಎಬಿಎಸ್ಸನ್ನೂ ಬಿಟ್ಟು ಪಿಪಿ ಆರಿಸುವುದೇ ಮೇಲು. ಶೇ. 30 ಗ್ಲಾಸ್ ತುಂಬಿದ ನೈಲಾನ್‌ನಲ್ಲಿ ಏಣು ಜಜ್ಜುವುದಿಲ್ಲ, ಮುರಿಯುತ್ತದೆ. ಜತೆಗೆ ಉಕ್ಕನ್ನೂ ಸವೆಸುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದ ಕತ್ತರಿ ಹಿಡಿಯಂಥ ನೈಲಾನ್ ಭಾಗಗಳಿಗೆ ಏಣಿಲ್ಲದ ಸ್ಟೆಪ್, 0.02ರಿಂದ 0.03 ಮಿ.ಮೀ. ಬಿಗಿತ, ಎಚ್13 ಉಕ್ಕಿನ 48ರಿಂದ 52 ಎಚ್ಆರ್‌ಸಿ ಗಡಸುತನದ ಇನ್ಸರ್ಟ್ ಹಾಕಿ.

ಗ್ರೂವ್

ಗಟ್ಟಿ ಭಾಗದಲ್ಲಿ 1.8 ಮಿ.ಮೀ. ಅಗಲ, 1 ಮಿ.ಮೀ. ಆಳದ ಗ್ರೂವ್. ಉಕ್ಕಿನ ನಾಲಗೆ ಅದರೊಳಗೆ ಇಳಿದು ತಳದ ಮೇಲೆ ಕೂರುತ್ತದೆ. ಒಳಗಿನ ಅರ್ಧಕ್ಕೆ ಟಿಪಿಇ ಬರುತ್ತದೆ, ನಾಲಗೆ ನಿಂತಿದ್ದ ಹೊರಗಿನ ಅರ್ಧ ಖಾಲಿ ಉಳಿದು ನೆರಳು ಗೆರೆಯಾಗಿ ಕಾಣುತ್ತದೆ. ನೋಡಲು ಎಲ್ಲಕ್ಕಿಂತ ಚಂದ ಇದೇ. ಅಡ್ಡಡ್ಡ ಅಳತೆ ತಪ್ಪಿದರೂ ಆ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಚೂರು ಫ್ಲ್ಯಾಶ್ ಬಂದರೂ ತಳದಲ್ಲಿ ಅಡಗಿರುತ್ತದೆ. ಟಾರ್ಚ್, ಡ್ರಿಲ್ಲಿಂಗ್ ಮಷೀನ್‌ನ ಮೈಗಳಲ್ಲಿ ಎರಡು ಬಣ್ಣದ ನಡುವೆ ಕಾಣುವ ಆ ಸಣ್ಣ ಸಂದು ಇದೇ.

ಆದರೆ 1 ಮಿ.ಮೀ. ಅಗಲದ ಉಕ್ಕಿನ ನಾಲಗೆ ಎಂದರೆ ಸೂಕ್ಷ್ಮ. ಆಪರೇಟರ್ ಪೀಸನ್ನು ಓರೆಯಾಗಿ ಕೂರಿಸಿ ಬಾಗಿಲು ಹಾಕಿದರೆ ಒಂದೇ ಶಾಟ್‌ಗೆ ನಾಲಗೆ ಮುರಿಯಬಹುದು. ನಾಲಗೆಯ ಎರಡೂ ಮೈಗೆ 3ರಿಂದ 5 ಡಿಗ್ರಿ ಡ್ರಾಫ್ಟ್ (ಓರೆ) ಬೇಕು, ಹೊರಗೋಡೆಗೂ ನಾಲಗೆಗೂ 0.15 ಮಿ.ಮೀ. ಸಡಿಲ ಬೇಕು, ಇಲ್ಲದಿದ್ದರೆ ಕುಗ್ಗಿದ ಪೀಸನ್ನು ಉಕ್ಕು ಹೆರೆಯುತ್ತದೆ. ಗೋಡೆಯ ದಪ್ಪ 2.5ರಲ್ಲಿ 1 ಮಿ.ಮೀ. ಗ್ರೂವ್‌ಗೆ ಹೋದರೆ ಉಳಿಯುವುದು 1.5 ಎನ್ನುವುದನ್ನೂ ಮರೆಯಬೇಡಿ. ಸ್ಪ್ರೇಯರ್ ಹಿಡಿಗಂತೂ ಇದು ಸಲ್ಲದು. ಮಣ್ಣೂ ಔಷಧಿಯೂ ಆ ಸಂದಿನಲ್ಲಿ ಸೇರಿ ಒಣಗಿದರೆ ತೊಳೆಯುವುದು ಕಷ್ಟ, ಬರಿಗೈಯಲ್ಲಿ ಹಿಡಿಯುವವರಿಗೆ ಅದು ಒಳ್ಳೆಯದಲ್ಲ.

ಸುತ್ತಿ ಹಿಡಿಸುವುದು

ಹೊರಗೆ ಅಂಚೇ ಕಾಣದ ಹಾಗೆ ಟಿಪಿಇಯನ್ನು ಗಟ್ಟಿ ಭಾಗದ ತುದಿ ದಾಟಿಸಿ ಒಳಮೈಗೆ ಮಡಚುವುದು, ಇಲ್ಲವೇ 3 ಮಿ.ಮೀ. ತೂತುಗಳ ಮೂಲಕ ಹಿಂದಕ್ಕೆ ಹಾಯಿಸಿ ಗುಂಡಿಯ ಹಾಗೆ ಕಚ್ಚಿಸುವುದು. ಶಟ್‌ಆಫ್ ಒಳಗಡೆ ಇರುವುದರಿಂದ ಅಲ್ಲಿ ಸ್ವಲ್ಪ ಫ್ಲ್ಯಾಶ್ ಇದ್ದರೂ ಯಾರೂ ಕೇಳುವುದಿಲ್ಲ. ಅಂಟಿಕೊಳ್ಳದ ಜೋಡಿಗೆ, ಉದಾಹರಣೆಗೆ ಪಿಪಿಗೆ ಹೊಂದುವ ಟಿಪಿಇಯನ್ನು ನೈಲಾನ್ ಮೇಲೆ ಹಾಕಬೇಕಾಗಿ ಬಂದರೆ, ಇದೊಂದೇ ದಾರಿ. ಹಿಡಿಯ ಮೂತಿಯಲ್ಲಿ, ಬೆರಳು ಸದಾ ಎಳೆಯುವ ಟ್ರಿಗರ್ ಕೆಳಗೆ ಇದನ್ನು ಬಳಸಿ. ಆದರೆ ಒಳಗಿನಿಂದ ಆತುಕೊಳ್ಳುವ ಕೋರ್‌ಗೆ ಜಾಗ ಕಡಿಮೆಯಾಗುತ್ತದೆ. ಹಿಡಿಯ ಎರಡು ಭಾಗ ಸ್ಕ್ರೂ ಹಾಕಿ ಜೋಡಿಸುವಂತಿದ್ದರೆ ಆ ಕೂಡುಗೆರೆಯೊಳಗೆ ಟಿಪಿಇ ನುಸುಳದಂತೆ ನೋಡಿಕೊಳ್ಳಬೇಕು.

ಇನ್ನು ನೆಟ್ಟಗಿನ ಗೋಡೆಯ ಪಕ್ಕಕ್ಕೆ ಉಕ್ಕು ಜಾರಿ ಮುಚ್ಚುವ ಶಟ್‌ಆಫ್. ಬೇಡ. ಮುಚ್ಚುವಾಗ ಬಲ ಗೋಡೆಗೆ ಅಡ್ಡ ಬೀಳುವುದಿಲ್ಲ, ಪ್ರತಿ ಶಾಟ್‌ಗೂ ಪೀಸನ್ನು ಹೆರೆಯುತ್ತದೆ. ತಪ್ಪಿಸಲಾಗದಿದ್ದರೆ 5 ಡಿಗ್ರಿ ಓರೆ ಕೊಡಿ.

ಮಷೀನ್ ಯಾವುದು ಎನ್ನುವುದೂ ಲೆಕ್ಕ

ಎರಡು ಬ್ಯಾರೆಲ್‌ನ ಮಷೀನ್‌ನಲ್ಲಿ ಗಟ್ಟಿ ಭಾಗ ಕೋರ್ ಮೇಲೆ ಹಾಗೇ ಕುಳಿತಿರುವಾಗಲೇ ಎರಡನೇ ಶಾಟ್ ಬೀಳುತ್ತದೆ. ಪೀಸ್ ಇನ್ನೂ ಬಿಸಿ, ಪೂರ್ತಿ ಕುಗ್ಗಿಲ್ಲ, ಜಾಗವೂ ಬದಲಾಗಿಲ್ಲ. ಏಣಿಲ್ಲದ ಸ್ಟೆಪ್ ಸಾಕು, ಅಂಟೂ ಚೆನ್ನಾಗಿ ಹಿಡಿಯುತ್ತದೆ. ಪೀಸನ್ನು ಕೈಯಲ್ಲಿ ತಂದು ಇನ್ನೊಂದು ಮೋಲ್ಡ್‌ಗೆ ಕೂರಿಸುವ ವಿಧಾನದಲ್ಲಿ ಮೇಲಿನ ಎಲ್ಲ ಎಚ್ಚರಿಕೆಯೂ ಬೇಕು, ಏಣು ಬಹುಮಟ್ಟಿಗೆ ಅನಿವಾರ್ಯ. ಗಟ್ಟಿ ಭಾಗದ ಮೋಲ್ಡ್‌ಗೆ ನಾಲ್ಕು ಕ್ಯಾವಿಟಿ ಇದ್ದರೆ ಪ್ರತಿಯೊಂದಕ್ಕೂ ನಂಬರ್ ಕೆತ್ತಿಸಿ. ಫ್ಲ್ಯಾಶ್ ಯಾವಾಗಲೂ 3ನೇ ನಂಬರಿನ ಪೀಸಿಗೇ ಬರುತ್ತಿದೆ ಎಂದು ಗೊತ್ತಾದರೆ ಓವರ್‌ಮೋಲ್ಡ್ ಡೈ ಮುಟ್ಟುವ ಅಗತ್ಯವೇ ಇರುವುದಿಲ್ಲ.

ಅಂಟಿನ ಮಾತು ಚುಟುಕಾಗಿ: ಎಸ್‌ಇಬಿಎಸ್ ಎಂಬ ರಬ್ಬರ್ ಆಧಾರದ ಸಾಮಾನ್ಯ ಟಿಪಿಇ ಪಿಪಿಗೆ ತಾನಾಗಿ ಅಂಟುತ್ತದೆ, ಎಬಿಎಸ್, ಪಿಸಿ, ನೈಲಾನ್‌ಗೆ ಅದಕ್ಕೆಂದೇ ಇರುವ ಗ್ರೇಡ್ ಕೇಳಿ ತರಿಸಬೇಕು. ಗಟ್ಟಿ ಭಾಗ ತೆಗೆಯುವಾಗ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಯಾವ ಗ್ರೇಡೂ ಅಂಟುವುದಿಲ್ಲ. ನೈಲಾನ್ ಪೀಸುಗಳನ್ನು ಮಳೆಗಾಲದಲ್ಲಿ ತೆರೆದಿಟ್ಟಿದ್ದರೆ ಮೊದಲು 80 ಡಿಗ್ರಿಯಲ್ಲಿ 4 ಗಂಟೆ ಒಣಗಿಸಿ.

ಟ್ರಯಲ್‌ನಲ್ಲಿ ಏನು ನೋಡಬೇಕು

ಉಕ್ಕಿಗೆ ಬ್ಲೂ (ಒತ್ತಿದ ಕಡೆ ಗುರುತು ಬಿಡುವ ನೀಲಿ ಬಣ್ಣ) ಹಚ್ಚಿ, ನಿಜವಾದ ಪೀಸ್ ಕೂರಿಸಿ, ಟಿಪಿಇ ಹಾಕದೆ ಮೋಲ್ಡ್ ಮುಚ್ಚಿ ತೆರೆಯಿರಿ. ಪೀಸಿನ ಮೇಲೆ ನೀಲಿ ಗೆರೆ ಎಲ್ಲೂ ಕಡಿಯದೆ ಸುತ್ತ ಬರಬೇಕು. ಒಂದು ಪೀಸ್ ನೋಡಿ ಬಿಡಬೇಡಿ, ಪ್ರತಿ ಕ್ಯಾವಿಟಿಯಿಂದ ಐದೈದು. ಗೆರೆ ಕಡಿದಿರುವ ಜಾಗದ ಹಿಂಭಾಗ ತಿರುಗಿಸಿ ನೋಡಿ: ಅಲ್ಲಿ ರಿಬ್ (ಬಲಕ್ಕೆ ಕೊಟ್ಟ ಪಟ್ಟಿ) ಅಥವಾ ಸ್ಕ್ರೂ ಬಾಸ್ (ಸ್ಕ್ರೂ ಕೂರುವ ಗೂಟ) ಇದ್ದರೆ ಸಿಂಕ್ ಆಗಿರುತ್ತದೆ, ಅಂದರೆ ಮೇಲ್ಮೈ ಒಳಕ್ಕೆ ಕುಸಿದಿರುತ್ತದೆ. 0.05 ಮಿ.ಮೀ. ಸಿಂಕ್ ಕಣ್ಣಿಗೆ ಕಾಣುವುದಿಲ್ಲ, ಟಿಪಿಇಗೆ ಕಾಣುತ್ತದೆ. ಶಟ್‌ಆಫ್ ಗೆರೆಯನ್ನು ರಿಬ್, ಗೇಟ್ (ಪ್ಲಾಸ್ಟಿಕ್ ಒಳಬರುವ ದಾರಿ) ಗುರುತು, ಪೀಸನ್ನು ಹೊರದೂಡುವ ಎಜೆಕ್ಟರ್ ಪಿನ್ ಗುರುತು, ಗಟ್ಟಿ ಭಾಗದ ಪಾರ್ಟಿಂಗ್ ಲೈನ್ (ಮೋಲ್ಡ್‌ನ ಎರಡು ಹೋಳು ಕೂಡುವ ಗೆರೆ) ಇವುಗಳಿಂದ ದೂರ ಒಯ್ಯಬೇಕು. ಪಾರ್ಟಿಂಗ್ ಲೈನ್ ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಲಿ, ಉದ್ದಕ್ಕೂ ಅದರ ಜತೆ ಹೋಗದಿರಲಿ. ಶಟ್‌ಆಫ್ ಪಟ್ಟಿಯ ಮೇಲೆ ಟೆಕ್ಸ್ಚರ್ ಬೇಡ. 0.03 ಮಿ.ಮೀ. ಆಳದ ಟೆಕ್ಸ್ಚರ್ ಎಂದರೆ ಟಿಪಿಇಗೆ ನೂರಾರು ಸಣ್ಣ ಕಾಲುವೆ. ಗೆರೆಯಾಚೆ 1.5 ಮಿ.ಮೀ. ನುಣುಪು ಬಿಟ್ಟು ಟೆಕ್ಸ್ಚರ್ ಶುರು ಮಾಡಿಸಿ.

ಆಮೇಲೆ ಶಾರ್ಟ್ ಶಾಟ್, ಅಂದರೆ ಅರೆಬರೆ ತುಂಬಿಸುವುದು: ಶೇ. 70, 85, 95 ಭಾಗ ತುಂಬಿಸುತ್ತ ಹೋಗಿ. ಪೂರ್ತಿ ತುಂಬುವ ಮೊದಲೇ ಫ್ಲ್ಯಾಶ್ ಬಂದರೆ ಸಂದು ಇದೆ ಎಂದರ್ಥ, ಪ್ರೆಶರ್ ಇಳಿಸಿ ಪ್ರಯೋಜನವಿಲ್ಲ. ತುಂಬಿ ಹೋಲ್ಡಿಂಗ್‌ಗೆ ಬಂದ ಮೇಲಷ್ಟೇ ಫ್ಲ್ಯಾಶ್ ಬಂದರೆ ಪೀಸ್ ಬಾಗುತ್ತಿರಬಹುದು, ಕೋರ್ ಆಸರೆ ನೋಡಿ. ಗೇಟ್ ಬಳಿ ಮಾತ್ರ ಬಂದರೆ ಗೇಟನ್ನು ಅಂಚಿನಿಂದ ದೂರ ಸರಿಸಿ. ಅಂಚಿನಲ್ಲಿ ಸುಟ್ಟ ಕಪ್ಪು ಕಲೆ ಬಂದರೆ ಗಾಳಿ ಸಿಕ್ಕಿಕೊಂಡಿದೆ. ಏಣು ಸುತ್ತಲೂ ಬಿಗಿಯಾಗಿ ಮುಚ್ಚಿದಾಗ ಗಾಳಿಗೂ ದಾರಿ ಮುಚ್ಚುತ್ತದೆ, ಇದನ್ನು ಬಹಳ ಮಂದಿ ಮೊದಲೇ ಯೋಚಿಸುವುದಿಲ್ಲ. ಟಿಪಿಇ ಕೊನೆಗೆ ತಲಪುವ ಕಡೆ 5 ಮಿ.ಮೀ. ಉದ್ದಕ್ಕೆ ಏಣನ್ನು ನಿಲ್ಲಿಸಿ, ಅಲ್ಲಿ ಉಕ್ಕಿಗೂ ಪೀಸಿನ ಮೈಗೂ ನಡುವೆ 0.015 ಮಿ.ಮೀ. ಮಾತ್ರ ಉಳಿಯುವಂತೆ ವೆಂಟ್ (ಗಾಳಿಯ ದಾರಿ) ಕೊಡಿ.

ಸ್ಪ್ರೇಯರ್ ಹಿಡಿಗೆ ಇದನ್ನೆಲ್ಲ ಇಳಿಸಿದರೆ ಪಿಪಿ ಗಟ್ಟಿ ಭಾಗ, ಉದ್ದದ ಎರಡು ಬದಿಗೆ 1.2 ಮಿ.ಮೀ. ಸ್ಟೆಪ್ ಮತ್ತು ಏಣು, ಮೂತಿಯ ಕಡೆ ಸುತ್ತಿ ಹಿಡಿಸಿದ ಅಂಚು, ಬುಡದ ತಿರುವಿಗೆ 3 ಮಿ.ಮೀ. ರೇಡಿಯಸ್. ಗಟ್ಟಿ ಭಾಗದ ಡ್ರಾಯಿಂಗ್‌ನಲ್ಲಿ, ಆ ಮೋಲ್ಡ್‌ಗೆ ಉಕ್ಕು ಕತ್ತರಿಸುವ ಮೊದಲೇ, ಶಟ್‌ಆಫ್ ಗೆರೆಯನ್ನು ಬೇರೆ ಬಣ್ಣದಲ್ಲಿ ಎಳೆದು ಅದರ ಪಕ್ಕ ಮೂರು ಸಾಲು ಬರೆಯಿರಿ: ಈ ಗೆರೆಯ ಮೂಲೆ ಚೂಪು, ರೇಡಿಯಸ್ ಇಲ್ಲ. ಈ ಗೆರೆಯಲ್ಲಿ ದಪ್ಪದ ಟಾಲರೆನ್ಸ್ 0.05 ಆಚೀಚೆ. ಈ ಗೆರೆಯ ಕೆಳಗೆ ರಿಬ್ ಬೇಡ.